ದೂರು ಒಯ್ಯುವ ದೇವರು

ಭಾದ್ರಪದದಲ್ಲಿ ಶಿವನ ಮನೆಯಿಂದ ಇಬ್ಬರು ಮಕ್ಕಳು ಒಬ್ಬರ ಹಿಂದೊಬ್ಬರು ಭೂಮಿಗೆ ಇಳಿಯುತ್ತಾರೆಂದು ಉತ್ತರ ಕರ್ನಾಟಕದ ಹಳ್ಳಿಗಳು ನಂಬಿಕೊಂಡು ಬಂದಿವೆ. ಚೌತಿಗೆ ಬರುವ ಗಣಪತಿ ಮಣೆಯ ಮೇಲೆ ಕೂತು, ಕಡುಬು ಮೋದಕ ಉಂಡು, ಆರತಿ ಬೆಳಗಿಸಿಕೊಂಡು ಹೊರಡುತ್ತಾನೆ. ಕೈಲಾಸಕ್ಕೆ ಹೋಗಿ, ಭೂಲೋಕದ ಜನ ಸುಖವಾಗಿದ್ದಾರೆ ಎಂದು ತಂದೆತಾಯಿಗೆ ಹೇಳುತ್ತಾನೆ. ಅವನು ಹೇಳಿದ್ದು ಸುಳ್ಳೇನಲ್ಲ, ತನ್ನ ಎಲೆಗೆ ಬಿದ್ದದ್ದನ್ನೇ ಹೇಳಿದ. ಅವನ ಬೆನ್ನಿಗೇ ಅಷ್ಟಮಿಗೆ ಹುಟ್ಟುವವನು ಜೋಕುಮಾರ. ಮಣ್ಣಿನ ಮೈ, ಅಗಲ ಮುಖ, ಬಿಟ್ಟ ಕಣ್ಣು, ನಾಚಿಕೆ ಎಂಬುದನ್ನು ಕಾಣದ ಆಕಾರ. ಇವನಿಗೆ ಮಣೆಯಿಲ್ಲ. ಬಿದಿರು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂತು, ತುಟಿಗೆ ಬೆಣ್ಣೆ ಮೆತ್ತಿಸಿಕೊಂಡು, ಹೊತ್ತ ಹೆಂಗಸರ ತಲೆಯ ಮೇಲೆ ಓಣಿ ಓಣಿ ತಿರುಗುತ್ತಾನೆ. ಅವನ ಮೇಲೆ ಕಟ್ಟಿದ ಹಾಡುಗಳಲ್ಲಿ ಪೋಲಿತನಕ್ಕೆ ಬರವಿಲ್ಲ. ಬದುಕುವುದು ಏಳೇ ದಿನ. ಹುಣ್ಣಿಮೆಯ ಹೊತ್ತಿಗೆ ಸಾಯುತ್ತಾನೆ, ಸತ್ತು ಹೋಗಿ ಶಿವನ ಮುಂದೆ ನಿಂತು ಹೇಳುತ್ತಾನೆ: ಮಳೆಯಿಲ್ಲ, ಹೊಲ ಬಾಯಿಬಿಟ್ಟಿದೆ, ಜನಕ್ಕೆ ಕೂಳಿಲ್ಲ. ಆಮೇಲೆ ಮಳೆ ಬರುತ್ತದೆ. ಊರಿನ ಸಂಕಟದ ಸುದ್ದಿಯನ್ನು ಒಯ್ಯಲು ಜನ ಆರಿಸಿಕೊಂಡದ್ದು ಎಲ್ಲರೂ ಕೈಮುಗಿಯುವ ಅಣ್ಣನನ್ನಲ್ಲ, ಎಲ್ಲರೂ ನಗುವ ತಮ್ಮನನ್ನು. ಯಾಕೆ?

ಈ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಇದೆ. ಕಷ್ಟಕಾಲದಲ್ಲಿ ನಗುವುದು ಧರ್ಮವೋ ಅಧರ್ಮವೋ? ಬರ ಬಿದ್ದಾಗ, ಹೊಳೆ ಉಕ್ಕಿದಾಗ, ರೋಗ ಬಂದಾಗ ಸೋಗು ಹಾಕಿ ಕುಣಿಯುವುದು, ಪದ ಕಟ್ಟಿ ಗೇಲಿ ಮಾಡುವುದು ದೇವರಿಗೂ ದುಃಖಕ್ಕೂ ಮಾಡಿದ ಅಪಮಾನವಲ್ಲವೆ? ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ಮೂರು ತಾಲೂಕುಗಳ ಜನ ಇದಕ್ಕೆ ಗ್ರಂಥ ಬರೆದು ಉತ್ತರ ಕೊಟ್ಟಿಲ್ಲ, ಆಡಿ ತೋರಿಸಿದ್ದಾರೆ. ಸಂಕಟದ ನಗೆಯನ್ನು ಅವರು ಬರಿಯ ಸಮಾಧಾನಕ್ಕೆ ಇಟ್ಟುಕೊಂಡವರಲ್ಲ. ಅದು ಊರನ್ನು ಒಂದು ಮಾಡುವ ಕೆಲಸ, ದೇವರ ಮುಂದೆ ನೆಟ್ಟಗೆ ನಿಂತು ದೂರು ಹೇಳುವ ರೀತಿ. ಆದರೆ ನಗುವವನು ತನ್ನ ನಗೆಯಲ್ಲಿ ತಾನೂ ತೊಯ್ದಾಗ ಮಾತ್ರ ಅದು ಹಾಗೆ ಕೆಲಸ ಮಾಡುತ್ತದೆ. ನನ್ನ ವಾದ ಇಷ್ಟೇ.

ತೊಯ್ಯುವುದು ಎಂದದ್ದು ಅಲಂಕಾರಕ್ಕಲ್ಲ. ಮುಂಗಾರು ಕೈಕೊಟ್ಟಾಗ ಈ ಭಾಗದ ಹಳ್ಳಿಗಳಲ್ಲಿ ಹುಡುಗರು ಗುರ್ಜಿ ಹೊರುತ್ತಾರೆ. ರೊಟ್ಟಿ ಬೇಯಿಸುವ ಹಂಚನ್ನು ಬೋರಲು ಹಾಕಿ, ಅದರ ಮೇಲೆ ಸಗಣಿಯಿಂದ ಗುರ್ಜಿ ಎಂಬ ಮಳೆದೇವರನ್ನು ಮಾಡಿ ಕೂರಿಸಿ, ಗರಿಕೆ ಸಿಗಿಸಿ, ಬರಿಮೈಯ ಹುಡುಗನೊಬ್ಬನ ತಲೆಯ ಮೇಲೆ ಇಡುತ್ತಾರೆ. ಮನೆ ಮನೆಯ ಮುಂದೆ ಹಾಡು. ಮನೆಯಾಕೆ ಹೊರಗೆ ಬಂದು ತಂಬಿಗೆ ನೀರನ್ನು ಹಂಚಿನ ಮೇಲೆ ಸುರಿಯುತ್ತಾಳೆ, ಹುಡುಗ ಗಿರಗಿರನೆ ತಿರುಗುತ್ತಾನೆ. ಹಂಚಿನ ಅಂಚಿನಿಂದ ನೀರು ಚಕ್ರದಂತೆ ಎರಚಿ, ಸುತ್ತ ನಿಂತ ಹುಡುಗರು, ನೀರು ಸುರಿದವಳು, ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಮುದುಕ, ಎಲ್ಲರ ಮೈಮೇಲೂ ಬೀಳುತ್ತದೆ. ಕೂಗು, ನಗು, ಬೈಗುಳ. ಆಮೇಲೆ ಮನೆಯಾಕೆ ಜೋಳದ ಹಿಟ್ಟನ್ನೋ ಕಾಳನ್ನೋ ಜೋಳಿಗೆಗೆ ಹಾಕುತ್ತಾಳೆ. ಈ ಆಟದೊಳಗಿನ ಧೈರ್ಯವನ್ನು ಸ್ವಲ್ಪ ನಿಂತು ನೋಡಬೇಕು. ಕುಡಿಯಲು ನೀರಿಲ್ಲದ ಕಾಲದಲ್ಲಿ ಒಂದು ತಂಬಿಗೆ ನೀರನ್ನು ಸಗಣಿಯ ಮೇಲೆ ಸುರಿದು ಚೆಲ್ಲುವುದು! ರೊಟ್ಟಿ ಬೇಯಿಸುವ ಹಂಚು ಒಲೆಯ ಮೇಲೆ ಇರಬೇಕಾದದ್ದು, ಮಗುಚಿ ತಲೆಯ ಮೇಲೆ ಏರಿದೆ. ಮುಗಿಲು ಮಾಡಬೇಕಾದ ಕೆಲಸವನ್ನು ಒಬ್ಬ ಪೋರ ಮಾಡಿ ತೋರಿಸುತ್ತಿದ್ದಾನೆ. ಪ್ರಾರ್ಥನೆ ಅನ್ನಿ, ಆದರೆ ಅಣಕವೂ ಹೌದು. ನಿನಗೆ ಸುರಿಸಲು ಬಾರದಿದ್ದರೆ ಇಲ್ಲಿ ನೋಡು, ಹೀಗೆ ಎಂದು ದೇವರಿಗೆ ಕಲಿಸಿಕೊಟ್ಟಂತೆ.

ಈ ಧೈರ್ಯ ಕಷ್ಟ ಕಾಣದವರದಲ್ಲ. 1876–78ರ ಮಹಾಬರ ಬೆಳಗಾವಿ ಜಿಲ್ಲೆಯನ್ನು ಹಿಂಡಿ ಹಾಕಿತ್ತು. ಪ್ಲೇಗು ಬಂದಾಗ ಮುಂಬಯಿ ಕರ್ನಾಟಕದ ಊರುಗಳು ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡವು. ಸಹ್ಯಾದ್ರಿಯ ಸೆರಗಿಗೆ ಹತ್ತಿದ ಹುಕ್ಕೇರಿಯ ಪಡುವಣ ಅಂಚಿಗೂ ಕೌಜಲಗಿಯ ಕಡೆಯ ಎರೆನೆಲಕ್ಕೂ ಮಳೆಯಲ್ಲಿ ಅಜಗಜಾಂತರ. ಒಂದೇ ಘಟಪ್ರಭೆಯ ಸೀಮೆಯಲ್ಲಿ ಒಂದು ಕಡೆ ನೀರಿಗಾಗಿ ಮುಗಿಲು ನೋಡುವವರು, ಇನ್ನೊಂದು ಕಡೆ ನೀರಿಗೆ ಅಂಜಿ ಹೊಳೆ ನೋಡುವವರು. 2019ರ ಆಗಸ್ಟಿನಲ್ಲಿ ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಒಟ್ಟಿಗೇ ಉಕ್ಕಿ ಬಂದಾಗ ಗೋಕಾಕ ಪಟ್ಟಣದ ಓಣಿಗಳೇ ಹೊಳೆಯಾದವು, ಲೋಳಸೂರ ಸೇತುವೆ ಮುಳುಗಿತು, ದಂಡೆಯ ಹಳ್ಳಿಗಳು ಗಂಜಿ ಕೇಂದ್ರ ಸೇರಿದವು. ಬರ ಮತ್ತು ನೆರೆ ಎರಡನ್ನೂ ಉಂಡ ನೆಲದಲ್ಲಿ ಹುಟ್ಟಿದ ನಗೆಯನ್ನು ಹೊಟ್ಟೆ ತುಂಬಿದವರ ಚಾಷ್ಟಿ ಎಂದು ತಳ್ಳಿಹಾಕಲು ಬರುವುದಿಲ್ಲ.

ಕಷ್ಟದಲ್ಲಿರುವವರಿಗೆ ಸಾಂತ್ವನ ಹೇಳುವುದು ಒಳ್ಳೆಯದು, ಎಲ್ಲ ಧರ್ಮಗಳೂ ಅದನ್ನೇ ಹೇಳುತ್ತವೆ. ಆದರೆ ಸಾಂತ್ವನದಲ್ಲಿ ಯಾವಾಗಲೂ ಒಂದು ಏಣಿ ಇರುತ್ತದೆ. ಹೇಳುವವನು ಒಂದು ಮೆಟ್ಟಿಲು ಮೇಲೆ, ಕೇಳುವವನು ಒಂದು ಮೆಟ್ಟಿಲು ಕೆಳಗೆ. ದಾನವೂ ಹಾಗೇ, ಉಪದೇಶವಂತೂ ಕೇಳುವುದೇ ಬೇಡ. ನಗೆಗೆ ಈ ಏಣಿ ಒಗ್ಗುವುದಿಲ್ಲ. ಒಬ್ಬ ಚಾಷ್ಟಿ ಮಾಡಿದರೆ ಅದು ಅರ್ಧವಷ್ಟೇ ಆಗುತ್ತದೆ. ಇನ್ನೊಬ್ಬ ನಕ್ಕಾಗಲೇ ಅದು ಪೂರ್ತಿ. ಕೊಟ್ಟವನು ಯಾರು, ತೆಗೆದುಕೊಂಡವನು ಯಾರು ಎಂಬ ಲೆಕ್ಕ ಅಲ್ಲಿಗೆ ಅಳಿಸಿಹೋಗುತ್ತದೆ. ಫ್ರೆಂಚ್ ತತ್ವಜ್ಞಾನಿ ಆನ್ರಿ ಬರ್ಗ್‌ಸನ್ 1900ರಲ್ಲಿ ನಗೆಯ ಮೇಲೆ ಬರೆದ ಪುಸ್ತಕದಲ್ಲಿ, ನಗೆಗೆ ಮಾರ್ದನಿ ಬೇಕು, ಅದು ಎಂದಿಗೂ ಒಂದು ಗುಂಪಿನ ನಗೆ ಎಂದು ವಾದಿಸಿದ. ಅಮೆರಿಕದ ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿ ಜನ ಯಾವಾಗ ನಗುತ್ತಾರೆ ಎಂದು ಲೆಕ್ಕ ಇಟ್ಟು ನೋಡಿದಾಗ, ಒಬ್ಬರೇ ಇದ್ದಾಗ ನಗುವುದಕ್ಕಿಂತ ನಾಲ್ಕು ಜನರ ನಡುವೆ ನಗುವುದು ಸುಮಾರು 30 ಪಟ್ಟು ಹೆಚ್ಚು ಎಂದು ಕಂಡಿತು. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂಡಿ ಹೊಟ್ಟೆ ತುಂಬ ನಕ್ಕವರ ನೋವು ತಾಳುವ ಶಕ್ತಿ ಏರಿತ್ತು. ಪ್ರಯೋಗಾಲಯ ಇದನ್ನು ಅಳೆದು ಹೇಳಿತು. ಗುರ್ಜಿ ಹೊತ್ತ ಹುಡುಗನ ಸುತ್ತ ನಿಂತವರಿಗೆ ಅಳೆಯುವ ಗೊಡವೆ ಇರಲಿಲ್ಲ.

ನಮ್ಮ ಶಾಸ್ತ್ರಗಳು ಈ ವಿಷಯದಲ್ಲಿ ಕೊಂಚ ಬಿಗುಮಾನದವು. ಭರತ ನಾಟ್ಯಶಾಸ್ತ್ರದಲ್ಲಿ ಹಾಸ್ಯವನ್ನು ರಸವೆಂದು ಒಪ್ಪಿ, ಅದಕ್ಕೆ ಶಿವನ ಪ್ರಮಥಗಣವನ್ನೇ ಅಧಿದೇವತೆಯಾಗಿ ಕೊಟ್ಟ. ಅಷ್ಟು ಮಾಡಿ, ನಗೆಯನ್ನು ಆರು ಬಗೆಯಾಗಿ ಒಡೆದು, ಹಲ್ಲು ಕಾಣದ ಸ್ಮಿತವನ್ನು ಉತ್ತಮರಿಗೆ ಇಟ್ಟ, ಮೈ ಕುಲುಕಿ ಕಣ್ಣೀರು ಬರುವ ಅತಿಹಸಿತವನ್ನು ಅಧಮರಿಗೆ ದೂಡಿದ. ಅವನ ಕಣ್ಣಿಗೆ ಬಿದ್ದದ್ದು ನಿಜವೇ. ಅರಮನೆಯವರು ಮುಗುಳ್ನಗುತ್ತಾರೆ, ಹೊಲದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆದರೆ ಅವನು ಕೊಟ್ಟ ಅಂಕ ತಲೆಕೆಳಗಾಗಿದೆ ಎಂದು ನನಗೆ ಅನ್ನಿಸುತ್ತದೆ. ಮುಗುಳ್ನಗೆಯನ್ನು ಒಬ್ಬನೇ ಇಟ್ಟುಕೊಳ್ಳಬಹುದು, ಅದಕ್ಕೆ ಜೊತೆ ಬೇಡ. ಮೈಯೆಲ್ಲ ನಗುವವನಿಗೆ ಪಕ್ಕದವನ ಹೆಗಲು ಬೇಕು, ಇಲ್ಲದಿದ್ದರೆ ಬೀಳುತ್ತಾನೆ. ಊರು ಕಟ್ಟುವುದಾದರೆ ಅದು ಅತಿಹಸಿತದಿಂದಲೇ. ಭರತನೇ ಹೇಳಿದ ಇನ್ನೊಂದು ಭೇದ ಹೆಚ್ಚು ಉಪಯೋಗದ್ದು: ಹಾಸ್ಯ ಆತ್ಮಸ್ಥವೂ ಹೌದು, ಪರಸ್ಥವೂ ಹೌದು. ತಾನು ನಗುವುದು ಒಂದು, ಇನ್ನೊಬ್ಬರನ್ನು ನಗಿಸುವುದು ಇನ್ನೊಂದು. ಗುರ್ಜಿಯಲ್ಲಿ ಇವೆರಡೂ ಒಂದೇ ತಂಬಿಗೆಯ ನೀರಿನಲ್ಲಿ ಸೇರಿಬಿಟ್ಟಿವೆ.

ಈ ಸೀಮೆಯವರು ದೇವರ ಕಥೆಯನ್ನು ಆಡುವ ರೀತಿಯೂ ಇದನ್ನೇ ಹೇಳುತ್ತದೆ. ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟ ಹುಟ್ಟಿದ್ದು ಅಪರಾಳ ತಮ್ಮಣ್ಣನಿಂದ ಎನ್ನುತ್ತಾರೆ. ಅದನ್ನು ತಿದ್ದಿ ತೀಡಿ ರಂಗಕ್ಕೆ ಹೊಂದಿಸಿದವನು ಕುಲಗೋಡ ತಮ್ಮಣ್ಣ. ಹಿಂದೆ ಗೋಕಾಕದೊಳಗಿದ್ದ ಕುಲಗೋಡ ಈಗ ಮೂಡಲಗಿ ತಾಲೂಕಿನ ಊರು. ಮುಂದೆ ಕೌಜಲಗಿ ನಿಂಗಮ್ಮನಂಥವರ ಕೈಯಲ್ಲಿ ಆಟ ನಾಡೆಲ್ಲ ಹೆಸರಾಯಿತು. ಕಥೆ ಚಿಕ್ಕದು. ನಾರದ ಒಂದು ಹೂ ತಂದುಕೊಟ್ಟ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಟ್ಟ, ಭಾಮೆ ಮುನಿದಳು. ಇಷ್ಟಕ್ಕೇ ಇಡೀ ರಾತ್ರಿ ಬೇಕು. ಯಾಕೆಂದರೆ ನಡುವೆ ದೂತಿ ಇದ್ದಾಳೆ. ಭಾಮೆಯ ಮಾತು ಉಬ್ಬಿದಷ್ಟೂ ದೂತಿ ಅದಕ್ಕೆ ಸೂಜಿ ಚುಚ್ಚುತ್ತಾಳೆ. ಒಡತಿ ಪುರಾಣದ ಭಾಷೆ ಆಡಿದರೆ ಅವಳು ಓಣಿಯ ಭಾಷೆಯಲ್ಲಿ ಉತ್ತರ ಕೊಡುತ್ತಾಳೆ, ದ್ವಾರಕೆಯ ಜಗಳಕ್ಕೆ ಸಂತೆಯ ದರ ತಂದು ಸೇರಿಸುತ್ತಾಳೆ. ಜಗದೊಡೆಯ ಕೃಷ್ಣ ಇಬ್ಬರು ಹೆಂಡಿರ ನಡುವೆ ಸಿಕ್ಕು ಒದ್ದಾಡುವುದನ್ನು ಕಂಡು ಜನ ನಗುತ್ತಾರೆ, ಬೆಳಗಿನ ಮಂಗಳಾರತಿಗೆ ಅದೇ ಜನ ಅದೇ ಕೃಷ್ಣನಿಗೆ ಕೈ ಮುಗಿಯುತ್ತಾರೆ. ಆ ನಗುವಿನಿಂದ ಭಕ್ತಿ ಸವೆಯಲಿಲ್ಲ. ದೇವರು ತಮ್ಮ ಮನೆಯ ಕಷ್ಟ ಬಲ್ಲವನು ಎಂದಾಗ ಭಕ್ತಿಗೆ ನೆಲ ಸಿಕ್ಕಿತು. ಹರದೇಶಿ–ನಾಗೇಶಿ ಲಾವಣಿಯಲ್ಲಂತೂ ಶಿವ ಹೆಚ್ಚೋ ಶಕ್ತಿ ಹೆಚ್ಚೋ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ತತ್ವಶಾಸ್ತ್ರದ ವ್ಯಾಜ್ಯವನ್ನೇ ಡಪ್ಪು ತುಂತುಣಿ ಹಿಡಿದು, ಒಬ್ಬರ ಮೇಲೊಬ್ಬರು ಸವಾಲು ಎಸೆದು, ಗೀಗೀ ಮೇಳದಲ್ಲಿ ಬಿಡಿಸುತ್ತಾರೆ. ಬಿಡಿಸುತ್ತಾರೆ ಎಂದೆ, ತಪ್ಪು. ಬಿಡಿಸಬಾರದು ಎಂಬುದೇ ಆಟದ ನಿಯಮ. ಎದುರಾಳಿ ಸೋತು ಎದ್ದು ಹೋದರೆ ನಾಳೆ ಯಾರೊಡನೆ ಹಾಡುವುದು? ಮಠಗಳಲ್ಲಿ ಗುದ್ದಾಟಕ್ಕೆ ಹತ್ತಬಹುದಾದ ಪ್ರಶ್ನೆ ಇಲ್ಲಿ ಎರಡು ಮೇಳಗಳನ್ನು ಒಂದೇ ಜಾತ್ರೆಯ ಒಂದೇ ಕಂಬಳಿಯ ಮೇಲೆ ಕೂರಿಸುತ್ತದೆ.

ಇನ್ನು ಆಕ್ಷೇಪಗಳು. ನಗೆ ಒಂದು ಅಮಲು, ಜನ ನಕ್ಕು ಹಗುರಾದರೆ ಕೇಳಬೇಕಾದದ್ದನ್ನು ಕೇಳುವುದಿಲ್ಲ ಎಂಬುದು ಎಲ್ಲಕ್ಕಿಂತ ಗಟ್ಟಿಯಾದದ್ದು. ಪರಿಹಾರದ ಹಣ ಬರದಿದ್ದರೂ, ಒಡ್ಡು ಗಟ್ಟಿ ಮಾಡದಿದ್ದರೂ, ಒಂದು ಹಾಸ್ಯಸಂಜೆ ಏರ್ಪಡಿಸಿದರೆ ಸಾಕು, ಆಳುವವರಿಗೆ ಇದಕ್ಕಿಂತ ಅಗ್ಗದ ಉಪಾಯವುಂಟೆ? ಇದರಲ್ಲಿ ಸತ್ಯವಿದೆ. ಅದರಲ್ಲೂ ಒಬ್ಬ ವೇದಿಕೆಯ ಮೇಲೆ ನಿಂತು ನಗಿಸುತ್ತ, ಸಾವಿರ ಜನ ಕುರ್ಚಿಯಲ್ಲಿ ಕೂತು ನಗುವ ಇಂದಿನ ಹಾಸ್ಯಕ್ಕೆ ಈ ಮಾತು ಚೆನ್ನಾಗಿ ಹತ್ತುತ್ತದೆ. ಅಲ್ಲಿ ಪಕ್ಕದ ಕುರ್ಚಿಯವನ ಹೆಸರೂ ಗೊತ್ತಿರುವುದಿಲ್ಲ. ಆದರೆ ಜೋಕುಮಾರನ ಕಥೆ ಈ ಆಕ್ಷೇಪವನ್ನು ಮೊದಲೇ ಕಂಡುಕೊಂಡಂತಿದೆ. ಆ ಕಥೆಯಲ್ಲಿ ಎಲ್ಲ ಚೆನ್ನಾಗಿದೆ ಎಂಬ ಅರೆಬರೆ ವರದಿ ಹೋದದ್ದು ಗಂಭೀರ ಪೂಜೆಯ ಕಡೆಯಿಂದ. ಪೋಲಿ ಮೆರವಣಿಗೆಯ ಕಡೆಯಿಂದ ಹೋದದ್ದು ಪೂರ್ತಿ ವರದಿ. ಪೂಜೆ ಪಡೆದವನ ಮುಂದೆ ಮನೆಯವರು ಇದ್ದುದರಲ್ಲಿ ಒಳ್ಳೆಯದನ್ನೇ ಬಡಿಸಿದರು, ಮರ್ಯಾದೆ ಅಡ್ಡ ಬಂತು. ನಗೆಯ ದೇವರ ಮುಂದೆ ಮರ್ಯಾದೆಯ ತೆರೆ ಇಲ್ಲ, ಒಲೆ ಉರಿಯದ ಮನೆಯೂ ಅವನಿಗೆ ಕಾಣುತ್ತದೆ. ನಾಜಿಗಳ ಆಶ್ವಿಟ್ಸ್ ಸೆರೆಶಿಬಿರ ಕಂಡು ಬದುಕಿ ಬಂದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್, ಸೆರೆಯಲ್ಲಿ ಜೊತೆಗಾರನೊಡನೆ ದಿನಕ್ಕೊಂದು ನಗೆಕಥೆ ಕಟ್ಟಬೇಕೆಂದು ಒಪ್ಪಂದ ಮಾಡಿಕೊಂಡದ್ದನ್ನು ಬರೆದಿದ್ದಾನೆ. ಕಥೆ ಬಿಡುಗಡೆಯಾದ ಮೇಲೆ ನಡೆಯಬಹುದಾದ ಪ್ರಸಂಗದ್ದಾಗಿರಬೇಕು. ಅದು ಮರೆಯುವ ನಗೆಯಲ್ಲ, ನಾಳೆ ಇದೆ ಎಂದು ಪಣ ಕಟ್ಟುವ ನಗೆ. ಗುರ್ಜಿಯ ಹುಡುಗರೂ ಇಲ್ಲದ ಮಳೆಯಲ್ಲಿ ಇವತ್ತೇ ತೊಯ್ಯುತ್ತಾರೆ.

ದುಃಖಕ್ಕೆ ಅದರದೇ ಪಾವಿತ್ರ್ಯವಿದೆ, ಸಾವಿನ ಮನೆಯಲ್ಲಿ ನಗಬಾರದು ಎಂಬ ಮಾತಿಗೆ ಎದುರಾಡುವ ಧೈರ್ಯ ನನಗಿಲ್ಲ, ಅಗತ್ಯವೂ ಇಲ್ಲ. ಕೊಚ್ಚಿಹೋದ ಮನೆಯ ಮುಂದೆ ನಿಂತವರಿಗೆ ಆ ಗಳಿಗೆಯಲ್ಲಿ ಬೇಕಾದದ್ದು ಒಣ ಬಟ್ಟೆ, ಬಿಸಿ ಗಂಜಿ. ನಗೆಗೆ ಹೊತ್ತು ಗೊತ್ತು ಬೇಕು, ಜನಪದ ಅದನ್ನು ಗೊತ್ತು ಮಾಡಿಟ್ಟಿದೆ. ಆದರೆ ದುಃಖ ಮತ್ತು ನಗೆ ಒಂದೇ ಅಂಗಳದಲ್ಲಿ ಇರಲಾರವು ಎಂದರೆ ಒಪ್ಪಲಾಗದು. ಉತ್ತರ ಕರ್ನಾಟಕದ ಮೊಹರಂ ನೋಡಿ. ಕ್ರಿ.ಶ. 680ರ ಕರ್ಬಲಾದಲ್ಲಿ ನೀರೂ ಸಿಗದೆ ಕಾದಾಡಿ ಮಡಿದವರ ನೆನಪಿನ ದಿನಗಳವು, ಹಾಡುವ ರಿವಾಯತ್ ಪದಗಳು ಕರುಳು ಹಿಂಡುವಂಥವು. ಅದೇ ದಿನಗಳಲ್ಲಿ ಬೆಂಕಿ ಹೊತ್ತಿಸುವ ಅಲಾಯಿ ಕುಣಿಯ ಸುತ್ತ ಹುಲಿವೇಷಗಳು ಕುಣಿಯುತ್ತವೆ. ಕೆಲವು ಕಡೆ ಅಚ್ಚೊಳ್ಳಿ ಎಂದೂ ಅಳ್ಳೊಳ್ಳಿ ಬವ್ವಾ ಎಂದೂ ಕರೆಯುವ ಸೋಗುಗಳು ಮಸಿ ಬಳಿದುಕೊಂಡು ಮಕ್ಕಳನ್ನು ಅಟ್ಟಿಸಿಕೊಂಡು ಓಡುತ್ತವೆ. ಸೋಗು ಹಾಕಿದವರಲ್ಲಿ ಹರಕೆ ಹೊತ್ತ ಹಿಂದೂಗಳೇ ಎಷ್ಟೋ ಮಂದಿ. ಇದು ಇಸ್ಲಾಮಲ್ಲ ಎಂದು ಆ ಧರ್ಮದ ಪಂಡಿತರು ಬೇಸರಪಡುತ್ತಾರೆ, ಅವರ ಶಾಸ್ತ್ರದ ಪ್ರಕಾರ ಅವರದು ಸರಿಯೇ ಇರಬಹುದು. ಆದರೆ ಅರಬ್ ನಾಡಿನ ಶೋಕವೊಂದು ಕೃಷ್ಣೆ–ಘಟಪ್ರಭೆಯ ಸೀಮೆಯ ಒಕ್ಕಲಿನ ಮಕ್ಕಳಿಗೂ ತಮ್ಮದಾದದ್ದು ಹೇಗೆ? ಬರಿಯ ಅಳುವೇ ಆಗಿದ್ದರೆ ಅದು ಸತ್ತವರ ಸಂಬಂಧಿಕರ ಅಳುವಾಗಿಯೇ ಉಳಿಯುತ್ತಿತ್ತು. ಸೋಗು ಪರರಿಗೂ ಬಾಗಿಲು ತೆರೆಯಿತು.

ನನಗೆ ಸುಲಭವಾಗಿ ಉತ್ತರ ಸಿಗದ ಆಕ್ಷೇಪ ಬೇರೆಯಿದೆ. ನಗೆ ಕೂಡಿಸುವಷ್ಟೇ ಸಲೀಸಾಗಿ ಹೊರಗೂ ಹಾಕುತ್ತದೆ. ಹೋಳಿ ಹುಣ್ಣಿಮೆಯ ಹಲಗಿಯ ಸದ್ದಿಗೆ, ಅಣಕು ಹೆಣದ ಮೆರವಣಿಗೆಗೆ, ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುವುದಕ್ಕೆ ಊರಿನ ಗಂಡಸರೆಲ್ಲ ಒಂದಾಗುತ್ತಾರೆ. ಹಸಿ ಬೈಗುಳಕ್ಕೆ ಅಂಜಿ ಹೆಂಗಸರು ಕದ ಹಾಕಿಕೊಂಡು ಒಳಗೆ ಕೂತರೆ ಅದು ಯಾವ ಊರು ಒಂದಾದದ್ದು? ಬರ್ಗ್‌ಸನ್ ಇನ್ನೊಂದು ಮಾತನ್ನೂ ಹೇಳಿದ್ದ. ನಗುವಾಗ ಎದೆ ಒಂದು ಗಳಿಗೆ ಮರಗಟ್ಟುತ್ತದೆ. ಮರಗಟ್ಟಿದ ಎದೆ ಯಾರ ಮೇಲಾದರೂ ಏರಬಲ್ಲದು. ಕೋವಿಡ್ ಕಾಲದಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರಿದ ಜೋಕುಗಳಲ್ಲಿ ಮನೆಯಲ್ಲೇ ಸಿಕ್ಕಿಬಿದ್ದವರು ತಮ್ಮನ್ನೇ ಗೇಲಿ ಮಾಡಿಕೊಂಡವು ಇದ್ದವು, ರೋಗವನ್ನು ಒಂದು ಮತದವರ ತಲೆಗೆ ಕಟ್ಟಿದವೂ ಇದ್ದವು. ಎರಡಕ್ಕೂ ಜನ ನಕ್ಕರು. ಆದ್ದರಿಂದ ಅಳತೆಗೋಲು ನಗು ಬಂತೋ ಇಲ್ಲವೋ ಎಂಬುದಾಗಲಾರದು. ನೀರು ಯಾರ ಮೇಲೆ ಬಿತ್ತು ಎಂದು ನೋಡಬೇಕು. ಹಂಚು ಹೊತ್ತವನು ಮೊದಲು ತೊಯ್ದನೆ, ಅಥವಾ ಕಟ್ಟೆಯ ಮೇಲೆ ಕೂತು ಹಾದಿಹೋಕರ ಮೇಲೆ ಎರಚಿದನೆ? ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು 1972ರ ತಮ್ಮ ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಈ ದೇವರನ್ನು ಹಿಡಿದದ್ದು ಸುಮ್ಮನೆ ಅಲ್ಲ. ಅಲ್ಲಿ ನಗೆಯ ಮೊನೆ ತಿರುಗುವುದು ಬಂದೂಕು ಇಟ್ಟುಕೊಂಡ ಗೌಡನ ಕಡೆಗೆ. ಊರೆಲ್ಲ ತನ್ನದು ಎನ್ನುವವನಿಂದ ಒಂದು ಕೂಸು ಹುಟ್ಟಿಸಲಾಗಲಿಲ್ಲ, ಒಂದು ಹೊಲ ಉಳಲಾಗಲಿಲ್ಲ. ಬಡವನ ಪೋಲಿ ದೇವರು ಭೂಮಿ ಯಾರದು ಎಂಬ ಪ್ರಶ್ನೆಯನ್ನು ತಂದು ನಿಲ್ಲಿಸುತ್ತಾನೆ.

ಆದರೂ ಒಂದು ಮುಳ್ಳು ಉಳಿಯುತ್ತದೆ, ಅದನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. ಜೋಕುಮಾರನ ಬುಟ್ಟಿ ಹೊರುವವರು ಗೌಡರ ಮನೆಯವರಲ್ಲ, ಅಂಬಿಗರ ಮನೆಯ ಹೆಂಗಸರು. ಅವನು ಸಾಯುವುದು ಅಗಸರ ಬಂಡೆಯ ಬಳಿ. ದೊಡ್ಡವರ ಮನೆಯ ಮುಂದೆ ಹಲಗಿ ಬಾರಿಸುವವರು, ಸೋಗು ಹಾಕುವವರು ಯಾವ ಕೇರಿಯವರೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಊರಿನ ದೂರನ್ನು ಹೊರುವ ಭಾರ ಯಾವಾಗಲೂ ಒಂದೇ ಕಡೆಯ ತಲೆಗಳ ಮೇಲೆ ಬಿದ್ದರೆ, ನಗೆ ಏಣಿಯನ್ನು ಅಳಿಸುತ್ತದೆ ಎಂಬ ನನ್ನ ಮಾತಿನ ಗತಿ ಏನು? ಆ ಒಂದು ಗಳಿಗೆಗೆ ಅಳಿಸುತ್ತದೆ, ಮರುದಿನ ಏಣಿ ಮತ್ತೆ ಗೋಡೆಗೆ ಆನಿಕೊಂಡಿರುತ್ತದೆ ಎಂದು ಒಪ್ಪಬೇಕು. ಈ ಕೆಲಸವನ್ನು ಇನ್ನು ನಾವು ಮಾಡುವುದಿಲ್ಲ ಎಂದು ಆ ಕೇರಿಗಳ ಹೊಸ ಮಕ್ಕಳು ಹೇಳಿದರೆ ಅದನ್ನು ಸಂಸ್ಕೃತಿ ಅಳಿಯಿತೆಂದು ಗೋಳಾಡುವ ಹಕ್ಕು ಬುಟ್ಟಿ ಹೊರದವರಿಗಿಲ್ಲ. ಬೇಕಾದರೆ ತಾವು ಹೊರಲಿ.

ಗುರ್ಜಿಯ ಹುಡುಗರಿಗೆ ಈ ವಿಷಯದಲ್ಲಿ ಸ್ವಲ್ಪ ಹೆಚ್ಚು ಬುದ್ಧಿಯಿದ್ದಂತೆ ಕಾಣುತ್ತದೆ. ಮನೆಮನೆಯ ಹಿಟ್ಟು ಒಂದೇ ಜೋಳಿಗೆಗೆ ಬೀಳುತ್ತದೆ. ಬಿದ್ದ ಮೇಲೆ ಬಿಳಿಜೋಳದ್ದು ಯಾರ ಮನೆಯದು, ಹುಳ ಹತ್ತಿದ್ದು ಯಾರದು ಎಂದು ಆರಿಸಲು ಬರುವುದಿಲ್ಲ. ಅದನ್ನೇ ಬೇಯಿಸಿ ದೇವರಿಗೆ ಎಡೆ ಹಿಡಿದು ಎಲ್ಲರೂ ಕೂತು ಉಣ್ಣುತ್ತಾರೆ. ಮತ್ತೆ, ಬರಗಾಲದಲ್ಲಿ ಹಿಡಿ ಹಿಟ್ಟೂ ಇಲ್ಲದ ಮನೆಗಳು ಇರುತ್ತವೆ. ಆ ಮನೆಯ ಮುಂದೆಯೂ ಹುಡುಗ ನಿಲ್ಲುತ್ತಾನೆ, ಬರಿಗೈಯಲ್ಲಿ ಹೊರಗೆ ಬಂದವಳ ಕೈಯಲ್ಲೂ ಒಂದು ತಂಬಿಗೆ ಇರುತ್ತದೆ, ಅವಳು ಸುರಿದ ನೀರಿಗೂ ಅವನು ಅಷ್ಟೇ ಜೋರಾಗಿ ತಿರುಗಬೇಕು.